ನಾಲ್ಕು ಬೆರಳು ಕೆಳಗೆ

ಕಂಬಳಿಯ ಗಂಟು ಬಿಚ್ಚುವ ಮೊದಲೇ ಅಣ್ಣ ಹೇಳಿಬಿಟ್ಟ: "ಗುರಿ ತಪ್ಪೋಯ್ತು ಕಣ್ಲಾ. ಕಿರುಬನ ಕಾಲಿಗ್ ಒಡ್ದುಬುಟ್ಟೆ."

ಐವತ್ತರ ದಶಕದ ನಡುವಿನ ಒಂದು ದಸರೆ. ಆಯುಧಪೂಜೆಯ ಹಿಂದಿನ ದಿನ, ಬೆಳಿಗ್ಗೆ ಆರೂವರೆ ಇರಬಹುದು. ನಾನು ಬಿ.ಎಸ್ಸಿ. ಮುಗಿಸಿ, ಮೈಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಎರಡು ವರ್ಷವಾಗಿತ್ತು. ಊರೊಳಗೆ ಬಾಡಿಗೆ ಕೋಣೆ. ಅಣ್ಣ ಬೋಗಾದಿಯಲ್ಲಿ ಬೇಸಾಯ ಮಾಡಿಕೊಂಡಿದ್ದ. ಬೋಗಾದಿ ಆಗ ಹಳ್ಳಿ. ರಾಗಿ ಹೊಲಗಳ ನಡುವೆ ಅಲ್ಲಲ್ಲಿ ಕುರುಚಲು, ಊರಾಚೆ ಒಂದು ಹಳ್ಳ, ಹಳ್ಳದ ತುಂಬ ಲಂಟಾನ ಪೊದೆ. ಚಿರತೆಗೆ ಅಲ್ಲಿಯವರು ಕಿರುಬ ಎನ್ನುತ್ತಿದ್ದರು.

ಅಣ್ಣ ನನ್ನ ಕೋಣೆಯ ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ನಡೆದದ್ದನ್ನು ಹೇಳಿದ. ವಾರದಲ್ಲಿ ಎರಡು ಕರು ಹೋಗಿದ್ದವು. ಮೂರು ದಿನದ ಹಿಂದೆ ಸಂಜೆ ಅವನು ರೈಫಲ್ ಹಿಡಿದು ಬದುವಿನ ಮೇಲೆ ಕಾದಿದ್ದ. ಅಲ್ಲಿಗೆ ಹೋಗುವಾಗ ಕಾಲುವೆ ದಾಟಲು ಹಾರಿ ಜಾರಿ ಬಿದ್ದಿದ್ದ. ರೈಫಲ್ ಬಂಡೆಗೆ ಬಡಿದಿತ್ತು. ಮಂಡಿ ಒರೆಸಿಕೊಂಡನೇ ಹೊರತು ರೈಫಲನ್ನು ನೋಡಲಿಲ್ಲ. ಚಿರತೆ ಬಂತು, ಹೊಡೆದ, ಹಿಂಗಾಲಿಗೆ ತಗುಲಿತು. ಕುಂಟುತ್ತ ಹಳ್ಳದ ಪೊದೆಗೆ ಇಳಿಯಿತು. ಮರುದಿನ ಹುಲ್ಲು ಕೊಯ್ಯಲು ಹೋದ ಒಬ್ಬ ಹೆಂಗಸಿನ ಹೆಗಲು ಸಿಗಿದುಹಾಕಿತು.

"ಬದುಕವ್ಳೆ. ದೊಡ್ಡಾಸ್ಪತ್ರೆಗ್ ಆಕಿದ್ದೀವಿ," ಎಂದ ಅಣ್ಣ. "ಅವ್ಳ್ ಗಂಡ ನಮ್ ಜಗಲಿ ಮ್ಯಾಲ್ ಬಂದು ಕುಂತವ್ನೆ. ಏನೂ ಅನ್ನಾಕಿಲ್ಲ. ಬೈದಿದ್ರೆ ತಡ್ಕೋತಿದ್ದೆ."

ರೈಫಲ್ ನಮ್ಮ ತಾತನ ಕಾಲದ್ದು. ತಾತ ಅರಮನೆಯ ಶಿಕಾರಿಯಲ್ಲಿ ಜಾಡು ನೋಡುವ ಕೆಲಸದಲ್ಲಿದ್ದರು. ಅಲ್ಲಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಊರು ಬಿಡುವಾಗ ಕೊಟ್ಟು ಹೋದದ್ದಂತೆ. ಒಂಟಿ ನಳಿಗೆ, ಒಂದು ಸಲಕ್ಕೆ ಒಂದೇ ತೋಟಾ. ಹೊಡೆದ ಮೇಲೆ ಮತ್ತೆ ತೆರೆದು ತುಂಬಬೇಕು. ಇಂಥ ರೈಫಲಿನಲ್ಲಿ ಗುರಿ ನೋಡುವುದಕ್ಕೆ ಎರಡು ಗುರುತು. ನಳಿಗೆಯ ತುದಿಯಲ್ಲಿ ಒಂದು ಕಾಳಿನಷ್ಟು ಮೊನೆ. ಕಣ್ಣಿಗೆ ಹತ್ತಿರ ನಿಂತಿರುವ ಒಂದು ಪುಟ್ಟ ಉಕ್ಕಿನ ಪಟ್ಟಿ, ಅದರ ನಡುವೆ ಒಂದು ಕಚ್ಚು. ಕಚ್ಚಿನೊಳಗೆ ಮೊನೆಯನ್ನು ಕೂರಿಸಿ ಹೊಡೆಯಬೇಕು. ಆ ಹಿಂದಿನ ಪಟ್ಟಿ ಬಂಡೆಗೆ ಬಡಿದು ಎಡಕ್ಕೆ ಸೊಟ್ಟಗಾಗಿತ್ತು. ಕಚ್ಚಿನ ಒಂದು ಭುಜ ಹಾರಿಹೋಗಿತ್ತು.

"ಇದನ್ನ ಮಾಡೋರ್ ಯಾರಾರಾ ಗೊತ್ತಾ?"

ಗೊತ್ತಿತ್ತು. ಕುಂಬಾರಕೊಪ್ಪಲಿನಲ್ಲಿ ಒಬ್ಬ ಆಚಾರರಿದ್ದರು. ಹಿಂದೆ ಅರಮನೆಯ ಆಯುಧಗಳ ರಿಪೇರಿ ಮಾಡುತ್ತಿದ್ದವರು. ಈಗ ಮನೆಯಲ್ಲೇ ಬೀಗ, ಅಡಕತ್ತರಿ, ಹೊಲಿಗೆ ಯಂತ್ರ ಸರಿಮಾಡಿಕೊಂಡಿದ್ದರು. ನಮ್ಮ ಲ್ಯಾಬಿನ ತಕ್ಕಡಿಯನ್ನು ಒಮ್ಮೆ ಅವರೇ ಸರಿ ಮಾಡಿದ್ದರು.

ಅಣ್ಣ ಐದು ತೋಟಾ ಕೊಟ್ಟ. ಮನೆಯಲ್ಲಿ ಉಳಿದಿದ್ದದ್ದೇ ಅಷ್ಟು. "ಎರಡರಲ್ಲಿ ಗುರಿ ನೋಡ್ಕೊಳ್ಳಿ. ಮೂರು ವಾಪಸ್ ತತ್ತಾ. ನಾಳೆ ಮದ್ಯಾನಕ್ಕೆ ಹಳ್ಳಕ್ ಇಳಿತೀವಿ."

"ನಾಳೆ ಯಾಕಣ್ಣ? ಹಬ್ಬ ಕಳೀಲಿ."

"ಹೈಕ್ಳು ದೊಣ್ಣೆ ತಕೊಂಡು ನಾವೇ ಇಳಿತೀವಿ ಅಂತಾವ್ರೆ. ಇವತ್ತೊಂದಿನ ತಡೀತೀನಿ ಅವ್ರನ್ನ. ನಾಳೆ ತಡ್ಯಾಕಾಗಾಕಿಲ್ಲ." ಸೈಕಲ್ ಹತ್ತಿದವನು ತಿರುಗಿ ನೋಡಿ, "ಕಂಬಳಿ ಸರ್ಯಾಗ್ ಸುತ್ಕೋ, ಪೋಲೀಸ್ನೋರವ್ರೆ," ಎಂದ.

ಲೈಸೆನ್ಸ್ ಅವನ ಹೆಸರಿನಲ್ಲಿ. ಹೊತ್ತು ಹೋಗುವವನು ನಾನು. ದಾರಿಯಲ್ಲಿ ಒಬ್ಬ ಪೋಲೀಸ್ ನನ್ನನ್ನು ನಿಲ್ಲಿಸಿ, "ಏನ್ರೀ ಅದು, ತಂಬೂರಿನಾ?" ಎಂದು ಕೇಳಿದ, ನಾನು "ಹೂಂ ಸ್ವಾಮಿ" ಎಂದೆ ಎಂದು ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ಆ ದಿನದ ಡೈರಿಯಲ್ಲಿ ಪೋಲೀಸಿನ ಸುದ್ದಿಯೇ ಇಲ್ಲ. "ದಾರಿಯಲ್ಲಿ ಯಾರೂ ಕೇಳಲಿಲ್ಲ" ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾದರೆ ಆ ಪೋಲೀಸನನ್ನು ನಾನು ಯಾವಾಗ ಹುಟ್ಟಿಸಿದೆನೋ ತಿಳಿಯದು. ಮುಂದಿನದನ್ನು ಓದುವವರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಆಚಾರರು ಎಪ್ಪತ್ತರ ಹತ್ತಿರದವರು. ಕಂಬಳಿ ಬಿಚ್ಚಿ, ಕಣ್ಣಿಗಿಂತ ಮೊದಲು ಹೆಬ್ಬೆರಳಿನಿಂದ ಪಟ್ಟಿಯನ್ನು ನೋಡಿದರು.

"ಯಾರು ಬೀಳ್ಸಿದ್ದು?"

"ನಮ್ಮಣ್ಣ. ಕಾಲುವೆ ಹಾರಕ್ಕೆ ಹೋಗಿ."

"ಮನುಷ್ಯ ಕೆಳಗೆ ಬಿದ್ದು ಕೋವೀನ ಮೇಲಕ್ಕೆ ಹಿಡೀಬೇಕು. ನಿಮ್ಮಣ್ಣ ಕೋವಿ ಮೇಲೆ ಬಿದ್ದವ್ರೆ." ಪಟ್ಟಿಯನ್ನು ಉಗುರಿನಿಂದ ತಟ್ಟಿ ಸದ್ದು ಕೇಳಿಸಿಕೊಂಡರು. "ಇದನ್ನ ನೆಟ್ಟಗೆ ಮಾಡಕ್ಕಾಗಲ್ಲ ಮೇಷ್ಟ್ರೇ. ಬಗ್ಗಿಸಿದ್ರೆ ಬಿಸ್ಕತ್ ಥರ ಮುರೀತದೆ. ಹೊಸದೇ ಆಗ್ಬೇಕು."

"ಯಾವತ್ತಿಗೆ ಆಗುತ್ತೆ?"

"ಕಿರುಬನ್ನ ಕೇಳಿ ಹೇಳ್ಳಾ?" ಎಂದು ನಕ್ಕರು. ಆಮೇಲೆ, ಹೆಂಗಸಿನ ವಿಷಯ ಹೇಳಿದಾಗ, ನಗು ನಿಲ್ಲಿಸಿದರು. "ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ಹತ್ತು ಗಂಟೆಯೊಳಗೆ ಆಯುಧ ಕೂರಿಸ್ಬೇಕು. ಕೂರಿಸಿದ ಮೇಲೆ ನಾನು ಏನೂ ಮುಟ್ಟಲ್ಲ."

ಮೈಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಆಯುಧಪೂಜೆಯ ದಿನ ಅವರವರ ಕಸುಬಿನ ಸಾಮಾನುಗಳನ್ನು ತೊಳೆದು, ಸಾಲಾಗಿ ಇಟ್ಟು, ಕುಂಕುಮ ಹೂವಿಟ್ಟು ಆರತಿ ಮಾಡುತ್ತಾರೆ. ಮರುದಿನ ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಅವು ದೇವರು. ಸುತ್ತಿಗೆ ಸುತ್ತಿಗೆಯಲ್ಲ.

ಅಂದು ಮಧ್ಯಾಹ್ನದವರೆಗೆ ನಾನು ಅಲ್ಲೇ ಕುಳಿತು ನೋಡಿದೆ. ಲೋಹ ಉಜ್ಜುವ ಹಳೆಯ ಅರವೊಂದನ್ನು ಅವರು ಕೆಂಡದಲ್ಲಿ ಕಾಯಿಸಿದರು. ಕೆಂಪಗಾದ ಮೇಲೆ ಬೂದಿಯಲ್ಲಿ ಹೂತು, ತಾನಾಗಿ ತಣಿಯಲು ಬಿಟ್ಟರು. ಹಾಗೆ ಮೆತ್ತಗಾದ ಉಕ್ಕಿನಿಂದ ಒಂದು ತುಂಡು ಕತ್ತರಿಸಿ, ನಳಿಗೆಯ ಮೇಲೆ ಅಡ್ಡಲಾಗಿ ಕೊರೆದ ಸಂದಿಗೆ ಕೂರುವಂತೆ ಅಂಚುಗಳನ್ನು ಉಜ್ಜುತ್ತ ಹೋದರು. ಎರಡು ಸಲ ಉಜ್ಜಿ ಒಂದು ಸಲ ಕೂರಿಸಿ ನೋಡುವುದು. ಅವರ ಸೊಸೆ ಬಾವಿಕಟ್ಟೆಯಲ್ಲಿ ಒಂದೊಂದೇ ಸಾಮಾನನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆಗಾಗ ಬಂದು, "ಮಾವ, ಈ ಇಕ್ಕುಳ ಇನ್ನೂ ಬೇಕಾ?" ಎಂದು ಕೇಳಿ ಒಯ್ಯುತ್ತಿದ್ದಳು.

ಪಟ್ಟಿ ಹಳೆಯದಕ್ಕಿಂತ ಎತ್ತರವಾಗಿ ಕಂಡಿತು. ನಾನು ಹೇಳಿದೆ. "ಬೇಕೆಂದೇ ಬಿಟ್ಟಿದ್ದೀನಿ," ಎಂದರು. "ಗುಂಡು ಮೇಲೆ ಹೊಡೀತದೆ. ಹೊಡೆದು ನೋಡಿ ನೋಡಿ ಉಜ್ಜಿ ಇಳಿಸ್ತೀನಿ. ಮೊದಲೇ ಇಳಿಸಿಬಿಟ್ರೆ ಆಮೇಲೆ ಏರಿಸೋರು ಯಾರು? ನೀವು?"

ಆಯುಧಪೂಜೆಯ ಬೆಳಿಗ್ಗೆ ಏಳಕ್ಕೆ ಹೋದಾಗ ಪಟ್ಟಿ ನಳಿಗೆಯ ಮೇಲೆ ಕೂತಿತ್ತು, ಎಣ್ಣೆಯಲ್ಲಿ ಕಾಯಿಸಿ ಕಪ್ಪಾಗಿಸಿಯೂ ಆಗಿತ್ತು. ಕಚ್ಚನ್ನು ತಿದ್ದುತ್ತ ಇನ್ನೂ ಒಂದೂವರೆ ಗಂಟೆ ಕುಳಿತರು. ಆಮೇಲೆ ಒಂದು ಸಣ್ಣ ಸುತ್ತಿಗೆ, ಒಂದು ಹಿತ್ತಾಳೆಯ ಮೊಳೆ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಬನ್ನಿ, ಹೊಡೆದು ನೋಡೋಣ."

ಅವರು ಮುಂದೆ ಹೋದರು. ಕಂಬಳಿ ಸುತ್ತಿಕೊಂಡು ನಾನು ಹಿಂದೆ. ಹೊಸಲಿನ ಹತ್ತಿರ ಸೊಸೆ ತಟ್ಟೆ ತುಂಬ ಸೇವಂತಿಗೆ ಹಿಡಿದು ನಿಂತಿದ್ದಳು.

"ಆಯ್ತಾ ಮೇಷ್ಟ್ರೇ? ಎಲ್ಲಾ ಜೋಡಿಸ್ಲಾ?"

"ಆಯ್ತು ಕಣಮ್ಮ, ಮುಗೀತು," ಎಂದೆ.

ಇದನ್ನು ಹೇಳಿದ್ದು ಮಾತ್ರ ಖಂಡಿತ. ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ, ಆಮೇಲೆ ಅವಳೂ ಹೇಳಿದಳು. ಯಾಕೆ ಹೇಳಿದೆ? ಅವಸರ. ಮನೆಯ ಹೆಣ್ಣುಮಗಳು ಹಬ್ಬದ ದಿನ ಕೇಳಿದಾಗ "ಇನ್ನೂ ಇದೆ" ಎನ್ನುವ ಸಂಕೋಚ. ಇನ್ನು ಉಳಿದದ್ದು ಹೊಡೆದು ನೋಡುವುದು ಮಾತ್ರ ಎಂದುಕೊಂಡಿದ್ದೆ. ಹೊಡೆದು ನೋಡಿ ಮತ್ತೆ ಉಜ್ಜಬೇಕು ಎಂದು ಹಿಂದಿನ ದಿನ ಅವರೇ ನನಗೆ ಹೇಳಿದ್ದರು.

ಕೊಪ್ಪಲಿನ ಹಿಂದೆ ಕುಂಬಾರರು ತಲೆಮಾರಿನಿಂದ ಮಣ್ಣು ತೆಗೆದ ಆಳವಾದ ಗುಂಡಿ ಇತ್ತು. ಅದರ ಗೋಡೆಗೆ ಸುಣ್ಣದಲ್ಲಿ ಒಂದು ಬೊಟ್ಟು ಇಟ್ಟು, ಐವತ್ತು ಹೆಜ್ಜೆ ಅಳೆದು, ಒಡೆದ ಮಡಕೆಗಳ ರಾಶಿಯ ಮೇಲೆ ಮರಳಿನ ಚೀಲ ಹಾಕಿ ಆಚಾರರು ಬೋರಲು ಮಲಗಿದರು. ಮೊದಲ ಗುಂಡು ಒಂದು ಗೇಣು ಮೇಲೆ, ನಾಲ್ಕು ಬೆರಳು ಎಡಕ್ಕೆ ಹೋಯಿತು. ಎದ್ದು ಕುಳಿತು ಹಿತ್ತಾಳೆಯ ಮೊಳೆ ಇಟ್ಟು ಪಟ್ಟಿಯನ್ನು ಬಲಕ್ಕೆ ಒಂದು ಏಟು, ಇನ್ನೊಂದು ಅರ್ಧ ಏಟು ಸರಿಸಿದರು. ಕಚ್ಚಿನೊಳಗೆ ಮೊನೆಯನ್ನು ಇನ್ನಷ್ಟು ತಗ್ಗಿಸಿ ಹಿಡಿದು ಎರಡನೆಯದನ್ನು ಹೊಡೆದರು. ಈಗ ಎಡ ಬಲ ಸರಿ. ಬೊಟ್ಟಿನ ನೇರಕ್ಕೆ ನಾಲ್ಕು ಬೆರಳು ಮೇಲೆ.

ಅವರು ಗೋಡೆಯ ತನಕ ನಡೆದು ಹೋಗಿ ಬೆರಳಿಟ್ಟು ಅಳೆದರು. "ಅರ್ಧ ಅಕ್ಕಿಕಾಳು," ಎಂದರು. "ಅರ್ಧ ಅಕ್ಕಿಕಾಳು ಉಜ್ಜಿ ಇಳಿಸಿದ್ರೆ ಸರಿಯಾಗ್ತದೆ. ಬನ್ನಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡು ಗುರುತುಗಳ ನಡುವಿನ ದೂರ, ಗೋಡೆಯ ದೂರ, ನಾಲ್ಕು ಬೆರಳು. ಒಂದು ಮಿಲಿಮೀಟರಿನ ಆಸುಪಾಸು ಬಂತು. ಅರ್ಧ ಅಕ್ಕಿಕಾಳೇ. ಹೆಮ್ಮೆಯಿಂದ ಅವರಿಗೆ ಹೇಳಿದೆ. "ನಿಮ್ಮ ಪುಸ್ತಕ ಪಾಸಾಯ್ತು ಹಂಗಾದ್ರೆ," ಎಂದರು.

ಮನೆಯ ಹೊಸಲು ದಾಟುವಾಗಲೇ ಕರ್ಪೂರದ ವಾಸನೆ ಬಂತು.

ನಡುಮನೆಯಲ್ಲಿ ಮಣೆಯ ಮೇಲೆ ಕೆಂಪು ಬಟ್ಟೆ. ಅದರ ಮೇಲೆ ಕಬ್ಬಿಣ ಬಡಿಯುವ ಅಡಿಗಲ್ಲು, ಸುತ್ತಿಗೆಗಳು, ಇಕ್ಕುಳ, ಗರಗಸ. ಅರಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ. ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಒಡೆದ ತೆಂಗಿನಕಾಯಿ. ಆರತಿ ತಟ್ಟೆಯ ನಡುವೆ ಇನ್ನೂ ಹೊಗೆಯಾಡುತ್ತಿದ್ದ ಕಪ್ಪು ಕಲೆ.

"ಮೇಷ್ಟ್ರು ಮುಗೀತು ಅಂದ್ರಲ್ಲ ಮಾವ," ಎಂದಳು ಸೊಸೆ. "ನಮ್ಮನೆಯವರಿಗೆ ವರ್ಕ್‌ಶಾಪ್ ಪೂಜೆಗೆ ಹೋಗೋದಿತ್ತು. ಮಂಗಳಾರತಿ ಮಾಡಿ ಹೊರಟ್ರು." ಮಾತಿನ ನಡುವೆಯೇ ಏನೋ ತಪ್ಪಿದೆ ಎಂದು ಅವಳಿಗೆ ತಿಳಿದು ದನಿ ಇಳಿಯಿತು.

ಆಚಾರರು ಸೊಂಟದ ಸುತ್ತಿಗೆ, ಮೊಳೆ ತೆಗೆದು ಮಣೆಯ ಅಂಚಿಗೆ ಇಟ್ಟರು. ಕೈಮುಗಿದರು. ಸಣ್ಣ ಹಲ್ಲಿನ ಅರ ಮೂರನೆಯದಾಗಿ ಇತ್ತು. ಅದರ ಮೇಲೆ ಒಂದು ಹೂವು. ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ನಾಳೆ ಬೆಳಿಗ್ಗೆ ಎತ್ತಿದ ತಕ್ಷಣ ಮಾಡಿಕೊಡ್ತೀನಿ," ಎಂದರು.

"ಆಚಾರ್ರೇ, ಅವರು ಮಧ್ಯಾಹ್ನ ಹಳ್ಳಕ್ಕಿಳೀತಾರೆ."

"ನಾಳೆ ಇಳೀಲಿ. ಕಾಲು ಮುರಿದ ಕಿರುಬ ಎಲ್ಲಿಗೆ ಹೋಗ್ತದೆ?"

"ಹುಡುಗರು ತಡೀತಿಲ್ಲ. ಎರಡೇ ಎರಡು ಸಲ ಉಜ್ಜಿದ್ರೆ ಆಯ್ತಲ್ಲ, ಅರ್ಧ ನಿಮಿಷದ ಕೆಲಸ. ದೇವರು ಏನಂದುಕೊಳ್ತಾನೆ?"

"ದೇವರ ವಿಷಯ ನನಗೆ ಗೊತ್ತಿಲ್ಲ ಮೇಷ್ಟ್ರೇ. ನಲವತ್ತು ವರ್ಷ ಆಯುಧ ಕೂರಿಸಿದ್ದೀನಿ. ಕೂತಿದ್ದನ್ನ ಎಬ್ಬಿಸಿಲ್ಲ. ಅದೂ ಒಂದು ಜೀವ ತೆಗೆಯೋ ಕೆಲಸಕ್ಕೆ ಎಬ್ಬಿಸಿ, ಅದನ್ನ ನಿಮ್ಮಣ್ಣನ ಕೈಗೆ ಕೊಡ್ಲಾ? ಏನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ?"

"ಎಬ್ಬಿಸದೆ ಏನಾದ್ರೂ ಆದ್ರೆ?"

ಅವರು ಒಳಗೆ ಹೋದರು. ನಾನು ಮೂಲೆಯ ಸೈಕಲ್ ಅಂಗಡಿಗೆ ಓಡಿದೆ. ಪಂಪಿಗೂ ಕುಂಕುಮ ಇಟ್ಟಿದ್ದರು. "ಒಂದು ಅರ ಇದ್ರೆ ಕೊಡಿ," ಎಂದದ್ದಕ್ಕೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವತ್ತಾ? ಎಲ್ಲಿಂದ ಬಂದಿದ್ದೀರಿ ಸ್ವಾಮಿ?" ಎಂದ. ಲ್ಯಾಬಿನ ನೆನಪಾಯಿತು, ಬೀಗದ ಕೈ ಪ್ರೊಫೆಸರರ ಮನೆಯಲ್ಲಿತ್ತು. ಅವರು ಸಂಸಾರ ಸಮೇತ ಊರಿಗೆ ಹೋಗಿದ್ದರು. ವಾಪಸ್ ಬಂದೆ. ಆಚಾರರು ಒಳಗೆ ಕೈಕಾಲು ತೊಳೆಯುತ್ತಿದ್ದರು. ನಡುಮನೆಯಲ್ಲಿ ಯಾರೂ ಇರಲಿಲ್ಲ. ಅರ ನನ್ನಿಂದ ಒಂದು ಮಾರು ದೂರದಲ್ಲಿತ್ತು.

ಪೂಜೆ ಪುನಸ್ಕಾರಗಳನ್ನು ನಾನು ಆಗಲೇ ಬಿಟ್ಟಿದ್ದೆ. ಹಾಸ್ಟೆಲಿನಲ್ಲಿ ಆ ವಿಷಯಕ್ಕೆ ದೊಡ್ಡ ದೊಡ್ಡ ವಾದ ಮಾಡಿದ್ದೆ. ಆದರೂ ಕೈ ಮುಂದೆ ಹೋಗಲಿಲ್ಲ. ನನಗೆ ಉಜ್ಜಲು ಬರುವುದಿಲ್ಲ, ಹೆಚ್ಚು ಉಜ್ಜಿದರೆ ಪಟ್ಟಿಯೇ ಹಾಳು ಎಂದು ಡೈರಿಯಲ್ಲಿ ಕಾರಣ ಬರೆದಿದ್ದೇನೆ. ಸರಿಯಾದ ಕಾರಣವೇ. ಆದರೆ ಅದು ನನಗೆ ಆ ಕ್ಷಣದಲ್ಲಿ ಹೊಳೆದಿತ್ತೇ, ಸಂಜೆ ಬರೆಯುವಾಗ ಹೊಳೆಯಿತೇ ಎಂದು ಈಗ ಹೇಳಲಾರೆ.

ಆಚಾರರು ಮುಖ ಒರೆಸಿಕೊಳ್ಳುತ್ತ ಬಂದರು. "ಕಾಯೋದಿಲ್ಲ ಅಂತಾದ್ರೆ ಇಷ್ಟು ಹೇಳಿ ನಿಮ್ಮಣ್ಣಂಗೆ," ಎಂದು ನನ್ನ ಮುಂದೆ ನಿಂತರು. "ಐವತ್ತು ಹೆಜ್ಜೆಯಲ್ಲಿ ನಿಂತಿದ್ರೆ ನಾಲ್ಕು ಬೆರಳು ಕೆಳಗೆ ಹಿಡೀಬೇಕು. ಮೈಮೇಲೆ ಬಂದ್ರೆ, ಹತ್ತು ಹೆಜ್ಜೆ ಒಳಗೆ, ನೇರ ಹಿಡೀಬೇಕು. ಅಷ್ಟು ಹತ್ತಿರಕ್ಕೆ ಗುಂಡು ಏರಿರೋದಿಲ್ಲ. ಎರಡೂ ಹೇಳಿ. ಮೊದಲನೇದು ಹೇಳಿ ಎರಡನೇದು ಬಿಟ್ರೆ, ಏನೂ ಹೇಳದೇ ಇರೋದೇ ವಾಸಿ. ಎಲ್ಲಿ, ಹೇಳಿ ನೋಡೋಣ."

ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದೆ. ದೂರಕ್ಕೆ ನಾಲ್ಕು ಬೆರಳು ಕೆಳಗೆ. ಹತ್ತಿರಕ್ಕೆ ನೇರ.

ಹನ್ನೊಂದು ದಾಟಿತ್ತು. ಸೈಕಲ್ ತುಳಿಯುತ್ತ ಎರಡನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ರೈಫಲ್ ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಅಡ್ಡ ಕಟ್ಟಿದ್ದೆ, ಮೂರು ತೋಟಾ ಶರ್ಟಿನ ಜೇಬಿನಲ್ಲಿ. ರಸ್ತೆಯುದ್ದಕ್ಕೂ ಬಸ್ಸು, ಲಾರಿ, ಜಟಕಾಗಳಿಗೆ ಬಾಳೆಕಂದು ಕಟ್ಟಿ ಪೂಜೆ. ಒಂದೊಂದು ಗಾಡಿಯ ಮುಂದೂ ಕುಂಕುಮ ತುಂಬಿದ ಬೂದುಗುಂಬಳ ಒಡೆದು ದಾರಿಯೆಲ್ಲ ಕೆಂಪು ತಿರುಳು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಅದರ ಮೇಲೆ ಹೋಯಿತು. ಸೈಕಲ್ ನನ್ನ ಕೆಳಗಿನಿಂದ ಜಾರಿಹೋಯಿತು. ಬೀಳುವಾಗ ಹೇಗೋ ಹೊರಳಿ ಮೊಣಕೈ ಮೇಲೆ ಬಿದ್ದೆ. ರೈಫಲ್ ನೆಲಕ್ಕೆ ತಗಲಲಿಲ್ಲ. ಯಾರೋ ಎತ್ತಿ ನಿಲ್ಲಿಸಿ, "ನೋಡ್ಕೊಂಡ್ ಹೋಗ್ಬಾರ್ದೇನ್ರೀ," ಎಂದರು. ರಸ್ತೆಬದಿಗೆ ಹೋಗಿ ಕಂಬಳಿಯ ಮೂಲೆ ಸರಿಸಿ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ನೆಟ್ಟಗಿತ್ತು. ಮತ್ತೆ ಸೈಕಲ್ ಹತ್ತಿದೆ. ಅಲ್ಲಿಂದ ಮುಂದೆ ಎರಡನ್ನೂ ಹೇಳಿಕೊಳ್ಳುತ್ತಿದ್ದೆನೇ? ಮೊಣಕೈ ಉರಿಯುತ್ತಿದ್ದದ್ದು ನೆನಪಿದೆ. ಬೇರೇನೂ ನೆನಪಿಲ್ಲ.

ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಬಾಗಿಲಲ್ಲೇ ನಿಂತು ಹಳ್ಳದ ಕಡೆ ಕೈ ತೋರಿಸಿದರು. ನನ್ನ ಕೈಯ ರಕ್ತ ನೋಡಿದರೂ ಕೇಳಲಿಲ್ಲ. "ಬಿರ್ನೆ ಓಗಪ್ಪ, ಬರೀ ದೊಣ್ಣೆ ಇಡ್ಕೊಂಡು ನಿಂತವ್ರೆ," ಎಂದರು.

ಹಳ್ಳದ ದಂಡೆಯಲ್ಲಿ ಅಣ್ಣ, ಆ ಹೆಂಗಸಿನ ಗಂಡ, ಮತ್ತೆ ನಾಲ್ಕೈದು ಜನ. ಆಗಲೇ ಆಚೆ ದಂಡೆಯಿಂದ ಕೆಲವರು ಕಲ್ಲು ಎಸೆಯುತ್ತಿದ್ದರು, ತಮಟೆ ಬಡಿಯುತ್ತಿದ್ದರು. ಅಣ್ಣ ರೈಫಲ್ ಕಸಿದುಕೊಂಡ. ತೋಟಾ ತುಂಬುತ್ತ, "ಎಂಗದೆ?" ಎಂದ.

"ಮೇಲೆ ಹೊಡೆಯುತ್ತೆ. ನಾಲ್ಕು ಬೆರಳು ಕೆಳಗೆ ಹಿಡಿ."

"ಎಷ್ಟ್ ದೂರುಕ್ಕೆ?"

"ಐವತ್ತು ಹೆಜ್ಜೆಗೆ."

"ಸರಿ ಬುಡು," ಎಂದು ಅವನು ಎರಡು ಹೆಜ್ಜೆ ಮುಂದೆ ಇಳಿದ.

ಇಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಅವನ ಬೆನ್ನ ಹಿಂದಿನಿಂದ, "ಹತ್ತಿರ ಬಂದ್ರೆ ನೇರ ಹಿಡಿ ಅಣ್ಣ," ಎನ್ನುತ್ತೇನೆ. ಅವನು ತಿರುಗದೆ ಎಡಗೈ ಎತ್ತಿ ಆಡಿಸುತ್ತಾನೆ. ಇನ್ನೊಂದರಲ್ಲಿ ನಾನು ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ಆಚೆ ದಂಡೆಯವರು "ಬಂತು ಬಂತು" ಎಂದು ಕಿರುಚುತ್ತಾರೆ. ಎರಡೂ ಒಂದೇ ಸಮನೆ ಸ್ಪಷ್ಟವಾಗಿವೆ. ಎರಡರಲ್ಲೂ ಅಣ್ಣನ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿದೆ. ಎತ್ತಿದ ಕೈಯನ್ನು ನಾನು ನಿಜವಾಗಿ ನೋಡಿದ್ದರೆ ಅದು ತಮಟೆಯವರಿಗೆ ನಿಲ್ಲಿಸಿ ಎನ್ನುವ ಸನ್ನೆಯೂ ಆಗಿರಬಹುದು.

ಚಿರತೆ ಆಚೆ ದಂಡೆಯ ಕಡೆಯಿಂದ ಬರಲಿಲ್ಲ. ಎಲ್ಲರೂ ಅತ್ತ ನೋಡುತ್ತಿದ್ದಾಗ ಅಣ್ಣನ ಎಡಕ್ಕೆ, ಪೊದೆಯ ಬುಡದಿಂದ ಬಂತು. ಆಮೇಲೆ ನಾನೇ ಅಳೆದು ನೋಡಿದ್ದೇನೆ: ಎಂಟು ಹೆಜ್ಜೆ. ಮೂರು ಕಾಲಿನ ಪ್ರಾಣಿ ಅಷ್ಟು ಬೇಗ ಬರಬಲ್ಲದು ಎಂದು ನಾನು ಎಣಿಸಿರಲಿಲ್ಲ. ಅಣ್ಣ ತಿರುಗಿ, ಹೆಗಲಿಗೇರಿಸಿ, ಗುರಿ ನೋಡಿ ಹೊಡೆದ. ಗುರಿ ನೋಡಿದ ಎನ್ನುವುದು ಮುಖ್ಯ, ಗಾಬರಿಯಲ್ಲಿ ಹೊಡೆದದ್ದಲ್ಲ. ಗುಂಡು ತಲೆಗೆ ತಗುಲಲಿಲ್ಲ. ದವಡೆಯ ಕೆಳಗೆ ಹಾದು ಮುಂಗಾಲಿನ ಬುಡಕ್ಕೆ ಹೋಯಿತು. ಚಿರತೆ ಮುಗ್ಗರಿಸಿತು, ನಿಲ್ಲಲಿಲ್ಲ. ಅಣ್ಣ ರೈಫಲನ್ನು ಅಡ್ಡ ಹಿಡಿದ. ಅದು ಅವನ ಬಲಗೈಯನ್ನು ಬಾಯಿಗೆ ತೆಗೆದುಕೊಂಡು ಅವನ ಮೇಲೆ ಬಿತ್ತು.

ಕೊಂದದ್ದು ಆ ಹೆಂಗಸಿನ ಗಂಡ. ಅವನ ಹತ್ತಿರ ಕೊಡಲಿ ಇತ್ತು. ಮೂರು ಏಟು. ಚಿರತೆಯ ಬಾಯಿಂದ ಅಣ್ಣನ ಕೈ ಬಿಡಿಸುವಾಗ ಆ ಕೊಡಲಿ ನನ್ನ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ಅದರ ಮರದ ಹಿಡಿಗೆ ಮೂರೆಳೆ ವಿಭೂತಿ ಬಳಿದಿತ್ತು, ಒಂದು ಚೆಂಡುಹೂವಿನ ಎಸಳು ಅಂಟಿಕೊಂಡಿತ್ತು. ಬೆಳಿಗ್ಗೆ ಪೂಜೆಗೆ ಕೂರಿಸಿದ್ದನ್ನು ಅವನು ಎತ್ತಿಕೊಂಡು ಬಂದಿದ್ದ. ಅದರ ಬಗ್ಗೆ ಅಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ಗಾಡಿ ಕಟ್ಟಿ ಅಣ್ಣನನ್ನು ಅದೇ ದೊಡ್ಡಾಸ್ಪತ್ರೆಗೆ ಕರೆತಂದೆವು. ಬಾಳೆಕಂದು ಕಟ್ಟಿದ ವಾಹನ ಒಂದೊಂದೂ ನಮಗೆ ದಾರಿ ಬಿಟ್ಟಿತು. ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರು ಜೀವಕ್ಕೆ ಭಯವಿಲ್ಲ, ಕೈಯ ವಿಷಯ ನೋಡಬೇಕು ಎಂದರು. ಅತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಹತ್ತಿರ ಹೋದಾಗ, "ಗುರಿ ಸರಿ ಮಾಡ್ಸಿದ್ರೂ ಯಾಕಪ್ಪ ತಪ್ತು?" ಎಂದು ಕೇಳಿದರು. ಜಗಳದ ದನಿಯಲ್ಲ, ತಿಳಿದುಕೊಳ್ಳಲು ಕೇಳಿದ್ದು. "ಅದು ಮೇಲಿಂದ ಬಂತಲ್ಲ ಅತ್ತಿಗೆ," ಎಂದೇನೋ ಹೇಳಿದೆ. ಅದು ಮೇಲಿಂದ ಬಂದಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ರೈಫಲ್ ತೆಗೆದುಕೊಂಡು ಕುಂಬಾರಕೊಪ್ಪಲಿಗೆ ಹೋದೆ. ಯಾಕೆ ಹೋದೆ? ಅದನ್ನು ಹೊಡೆಯುವ ಕೈ ಆಸ್ಪತ್ರೆಯಲ್ಲಿತ್ತು, ಅವಸರವೇನೂ ಇರಲಿಲ್ಲ. ಬಹುಶಃ ಯಾರಾದರೂ ನನ್ನನ್ನು ಕೇಳಲಿ ಎಂದು ಹೋಗಿದ್ದೆ.

ಆಚಾರರು ಸಾಮಾನುಗಳನ್ನು ಎತ್ತಿ ಆಗಿತ್ತು. ನಾನು ನಡೆದದ್ದನ್ನು ಹೇಳುತ್ತಿರುವಾಗಲೇ ರೈಫಲನ್ನು ಮರದ ಇಕ್ಕುಳಕ್ಕೆ ಸಿಕ್ಕಿಸಿ, ಸಣ್ಣ ಹಲ್ಲಿನ ಅರ ತೆಗೆದುಕೊಂಡು ಪಟ್ಟಿಯ ಮೇಲೆ ಎಳೆದರು. ಒಂದು ಎಳೆತ. ಎರಡು.

"ಎಷ್ಟು ಹತ್ತಿರದಲ್ಲಿ ಹೊಡೆದ್ರು?"

"ಎಂಟು ಹೆಜ್ಜೆ."

ಅರ ನಿಂತಿತು. ಅವರು ತಲೆ ಎತ್ತಲಿಲ್ಲ. "ಎರಡೂ ಹೇಳಿದ್ರಾ ಮೇಷ್ಟ್ರೇ?"

"ಹೇಳಿದೆ," ಎಂದೆ. ತಟಕ್ಕನೆ, ಒಂದು ಕ್ಷಣ ಯೋಚಿಸದೆ.

"ಹೇಳಿದ್ರೆ ಸರಿ," ಎಂದು ಮತ್ತೆ ಉಜ್ಜತೊಡಗಿದರು. ಒಳಗಿನಿಂದ ಸೊಸೆ ಒಂದು ಲೋಟ ಪಾನಕ ತಂದು ನನ್ನ ಮುಂದಿಟ್ಟು, ಮುಖ ನೋಡದೆ ಒಳಗೆ ಹೋದಳು. ಅವಳು ತನ್ನನ್ನೇ ದೂರಿಕೊಳ್ಳುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ಕರೆದು, ತಪ್ಪು ನಿನ್ನದಲ್ಲ ಕಣಮ್ಮ, ಮುಗೀತು ಅಂದವನು ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಡೈರಿಯಲ್ಲಿ ಆಯುಧಪೂಜೆಯ ಪುಟದ ನಾಲ್ಕನೆಯ ಸಾಲು ಹೀಗಿದೆ: "ಅಣ್ಣನಿಗೆ ಎಲ್ಲ ಹೇಳಿದೆ." ಇದರಲ್ಲಿ "ಎಲ್ಲ" ಎಂಬ ಪದ ಸಾಲಿನ ಮೇಲುಗಡೆ ಇದೆ, ಕೆಳಗೊಂದು ಸಣ್ಣ ಬಾಣದ ಗುರುತು ಹಾಕಿ ಸೇರಿಸಿದ್ದು. ಶಾಯಿ ಉಳಿದದ್ದಕ್ಕಿಂತ ತೆಳು. ಅಂದೇ ಸೇರಿಸಿದೆನೇ, ಆಚಾರರ ಮನೆಯಿಂದ ಬಂದ ಮೇಲೆ ಸೇರಿಸಿದೆನೇ? ಬರೆದ ಕೈ ನನ್ನದೇ. ಅದರಿಂದ ಇಷ್ಟಕ್ಕಿಂತ ಹೆಚ್ಚಿನದನ್ನು ತಿಳಿಯಲು ನನಗೆ ಆಗಿಲ್ಲ.

ಅಣ್ಣ ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಉಳಿಯಿತು, ತೋರುಬೆರಳು, ನಡುಬೆರಳು ಮಡಚಲು ಬಾರದಾದವು. ನೇಗಿಲ ಮೇಣಿ ಹಿಡಿಯುವುದನ್ನು ಎಡಗೈಗೆ ಕಲಿಸಿದ. ರೈಫಲನ್ನು ಲೈಸೆನ್ಸ್ ಸಮೇತ ಸರ್ಕಾರಕ್ಕೆ ಒಪ್ಪಿಸಿದ. ಆ ಹೆಂಗಸಿನ ಗಂಡ ಎರಡು ವರ್ಷ ನಮ್ಮ ಹೊಲವನ್ನೂ ತನ್ನದರ ಜೊತೆಗೆ ಉತ್ತುಕೊಟ್ಟ.

ಕೇಳಲು ನನಗೆ ಏಳು ವರ್ಷ ಬೇಕಾಯಿತು. ಅರವತ್ತರ ದಶಕ ಶುರುವಾಗಿತ್ತು. ಬೋಗಾದಿಗೆ ಹೋಗಿದ್ದೆ, ಮಧ್ಯಾಹ್ನ ಊಟವಾಗಿತ್ತು. ಅಣ್ಣ ಕೊಟ್ಟಿಗೆಯ ಮುಂದೆ ಕುಳಿತು, ಆ ನೆಟ್ಟಗಿನ ಬೆರಳುಗಳ ನಡುವೆ ನಾರು ಸಿಕ್ಕಿಸಿಕೊಂಡು ಹಗ್ಗ ಹೊಸೆಯುತ್ತಿದ್ದ. ಆ ಬೆರಳುಗಳನ್ನು ಅವನು ಕೊಕ್ಕೆಯಂತೆ ಬಳಸಿಕೊಳ್ಳುವುದನ್ನು ಕಲಿತಿದ್ದ.

"ಅಣ್ಣ, ಅವತ್ತು ಹಳ್ಳದ ಹತ್ರ ನಾನು ನಿನಗೆ ಎಲ್ಲಾ ಹೇಳಿದ್ನಾ?"

"ಎಲ್ಲಾ ಯೋಳ್ದೆ ಕಣ್ಲಾ," ಎಂದ. ನಾನು ಕೇಳಿ ಮುಗಿಸುವ ಮೊದಲೇ ಎಂದ. "ನೀನೇನ್ ಮಾಡೀಯ. ನಾನೇ ಸರ್ಯಾಗ್ ಒಡೀಲಿಲ್ಲ."

"ಏನು ಹೇಳ್ದೆ ಹೇಳು?"

"ಅದೇಯ. ನಾಕ್ ಬೆರಳು ಕೆಳಗ್ ಇಡಿ ಅಂತ. ಅಂಗೇ ಇಡ್ದೆ."

"ಇನ್ನೊಂದು?"

ಹಗ್ಗ ಹೊಸೆಯುತ್ತಿದ್ದ ಕೈ ನಿಧಾನವಾಯಿತು. ಅವನು ನನ್ನ ಮುಖ ನೋಡಿದ. ಇನ್ನೊಂದು ಯಾವುದು ಎಂದು ಹುಡುಕುತ್ತಿದ್ದಾನೆ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ, ನನಗೆ ಏನು ಬೇಕಾಗಿದೆ ಎಂದು ನೋಡುತ್ತಿದ್ದಾನೆ ಅನ್ನಿಸಿತು.

"ಊಂ, ಅದ್ನೂ ಯೋಳ್ದೆ ಬುಡು," ಎಂದ.

ಅದು ಯಾವುದು ಎಂದು ನಾನು ಕೇಳಲಿಲ್ಲ. ನಾರಿನ ಇನ್ನೊಂದು ತುದಿಯನ್ನು ಹಿಡಿದುಕೊಳ್ಳಲು ಅವನು ಕೈಸನ್ನೆ ಮಾಡಿದ. ಹಿಡಿದುಕೊಂಡೆ.